ಹದಿನಾಲ್ಕನೆಯ ಗಂಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಯಾರ ಯಾರ ಮೇಲೋ ಹರಿಹಾಯುವುದಿದೆ. ಕೊನೆಗೆ ಆ ಸಿಟ್ಟು ಸೇರಬೇಕಾದವರನ್ನೇ ಸೇರಿತು, ಅಂದರೆ ನನ್ನನ್ನೇ.

ಹುಬ್ಬಳ್ಳಿಯವಳು ನಾನು. ಸಿವಿಲ್ ಎಂಜಿನಿಯರಿಂಗ್ ಓದಿ, ಲಗ್ನವಾಗಿ, ಉಕ್ಕಿನ ಕಾರ್ಖಾನೆಯಲ್ಲಿದ್ದ ಗಂಡನ ಜೊತೆ ವಿಶಾಖಪಟ್ಟಣಕ್ಕೆ ಬಂದೆ. ಗಾಜುವಾಕದಲ್ಲಿ ಬಾಡಿಗೆ ಮನೆ. ಕೆಳಗೆ ಮೊಬೈಲ್ ಅಂಗಡಿ, ಎದುರಿಗೆ ಪೆಸರಟ್ಟು ದೋಸೆಯ ಗಾಡಿ, ಬೆಳಿಗ್ಗೆ ಆರಕ್ಕೇ ಶುರುವಾಗುವ ಆಟೊಗಳ ಗದ್ದಲ. ಮನೆಯೊಳಗೆ ಹುಬ್ಬಳ್ಳಿಯ ಮಾತು, ಮೆಟ್ಟಿಲಿಳಿದರೆ ತೆಲುಗು. ಮಗಳಿಗೆ ಮಾತ್ರ ಮನೆಯೊಳಗೂ ತೆಲುಗೇ. ಕನ್ನಡವೇನಿದ್ದರೂ ಅಜ್ಜಿ ಫೋನ್ ಮಾಡಿದಾಗ.

ನಾನು ಕೆಲಸ ಮಾಡುವುದು ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ, ಪ್ಲಾನಿಂಗ್ ಎಂಜಿನಿಯರ್ ಆಗಿ. ಹೆಡ್ ಆಫೀಸು ವಿಜಯವಾಡದಲ್ಲಿ, ಸೈಟು ಅಚ್ಯುತಾಪುರಂನಲ್ಲಿ. ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗಾಗಿ ಒಂದು ಹಾಸ್ಟೆಲ್ ಕಟ್ಟುತ್ತಿದ್ದೆವು. ಎ ಬ್ಲಾಕ್, ಬಿ ಬ್ಲಾಕ್ ಎಂದು ಎರಡು ಕಟ್ಟಡ, ನಡುವೆ ಅಂಗಳ. ಎರಡೂ ಅವಳಿ ಮಕ್ಕಳ ಹಾಗೆ ಒಂದೇ ಅಳತೆ, ಒಂದೇ ನಕ್ಷೆ.

ನನ್ನ ಕೆಲಸವೆಂದರೆ ಎಷ್ಟು ಕಟ್ಟಿದ್ದಾರೆ, ಎಷ್ಟು ಉಳಿದಿದೆ ಎಂದು ಪ್ರತಿ ವಾರ ವಿಜಯವಾಡಕ್ಕೆ ಹೇಳುವುದು. ಕೇಳಲು ಸುಲಭ. ಮಾಡಲು ಹೊರಟರೆ ತಲೆ ಚಿಟ್ಟು ಹಿಡಿಯುತ್ತದೆ. ಸೋಮವಾರದ ಮೀಟಿಂಗಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ಅಯಿಪೋಯಿಂದಿ." ಆಯಿತು, ಮುಗಿಯಿತು ಎಂದರ್ಥ. ಅರ್ಥ ಅಷ್ಟೇ ಆಗಿದ್ದರೆ ನನಗೇನು ಕಷ್ಟವಿತ್ತು? ಕೆಲಸ ನಿಜಕ್ಕೂ ಮುಗಿದಿದ್ದರೆ ಅಯಿಪೋಯಿಂದಿ. ಇನ್ನೆರಡು ದಿನದಲ್ಲಿ ಮುಗಿಯುವ ಹಾಗಿದ್ದರೂ ಅಯಿಪೋಯಿಂದಿ. ಇನ್ನೂ ಶುರುವೇ ಆಗಿಲ್ಲ, ಆದರೆ ಎಲ್ಲರೆದುರು ಹೇಳಲು ಮುಜುಗರವೆಂದರೆ ಅದೂ ಅಯಿಪೋಯಿಂದಿ. ಅದನ್ನು ನಂಬಿ ರಿಪೋರ್ಟು ಬರೆದು, ವಿಜಯವಾಡದಿಂದ ಬೈಸಿಕೊಂಡು ಬೈಸಿಕೊಂಡು ನನಗೆ ಸಾಕಾಗಿ ಹೋಗಿತ್ತು.

ಹಾಗಾಗಿಯೇ ಆ ಹೊಸ ವ್ಯವಸ್ಥೆಗಾಗಿ ನಾನು ಚೀಫ್ ಎಂಜಿನಿಯರ್ ಬೆನ್ನು ಬಿದ್ದದ್ದು. ಇಡೀ ಕಟ್ಟಡವನ್ನು ನೆಲದಲ್ಲಿ ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಕಟ್ಟಿರುತ್ತಾರೆ. ಅದಕ್ಕೆ ನಾವು ಮಾಡೆಲ್ ಅನ್ನುತ್ತೇವೆ. ಒಂದೊಂದು ಕಂಬಕ್ಕೂ ಒಂದೊಂದು ನಂಬರು, ಯಾವ ದಿನ ಎದ್ದು ನಿಲ್ಲಬೇಕೆಂಬ ತಾರೀಖು. ಹೆಲ್ಮೆಟ್ಟಿನ ಮೇಲೆ ನಾಲ್ಕೂ ದಿಕ್ಕನ್ನು ನೋಡುವ ಪುಟ್ಟ ಕ್ಯಾಮರಾ ಕೂರಿಸಿಕೊಂಡು ಪ್ರತಿ ಶನಿವಾರ ನಾನು ಸೈಟು ಪೂರ್ತಿ ನಡೆಯಬೇಕು. ಆಮೇಲೆ ಸಾಫ್ಟ್‌ವೇರು ಆ ಚಿತ್ರಗಳನ್ನು ಮಾಡೆಲ್ಲಿನ ಪಕ್ಕ ಇಟ್ಟು, ತಾನೇ ಹೋಲಿಸಿ, ಮುಗಿದದ್ದಕ್ಕೆ ಹಸಿರು, ಮುಗಿಯದೆ ತಾರೀಖು ದಾಟಿದ್ದಕ್ಕೆ ಕೆಂಪು ಬಣ್ಣ ಹಚ್ಚುತ್ತದೆ. ಯಾರ ಬಾಯಿಮಾತೂ ಬೇಡ, ಯಾರ ದಾಕ್ಷಿಣ್ಯವೂ ಬೇಡ. ಚೀಫ್ ಒಂದು ವರ್ಷ ಕಾಯಿಸಿ ಹೂಂ ಎಂದರು. ಆವತ್ತು ನಾನು ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದ್ದೆ.

ತಲೆಯ ಮೇಲೆ ಕ್ಯಾಮರಾ ಹೊತ್ತು ತಿರುಗುವ ಹೆಂಗಸನ್ನು ಸೈಟಿನವರು ಸುಮ್ಮನೆ ಬಿಡುತ್ತಾರೆಯೇ? ಕ್ಯಾಮೆರಾ ಅಮ್ಮ ಎಂದು ಹೆಸರಿಟ್ಟರು. ನಾನು ಬರುವುದು ಕಂಡರೆ ಹೆಣ್ಣಾಳುಗಳು ಸೆರಗು ಸರಿಮಾಡಿಕೊಂಡು ತಲೆಗೂದಲು ನೇವರಿಸಿಕೊಳ್ಳುತ್ತಿದ್ದರು. ನಾನೂ ನಗುತ್ತಿದ್ದೆ. ಮೊದಲ ಮಹಡಿಯಷ್ಟೇ ಎದ್ದಿದ್ದಾಗ ಮೊದಲ ರಿಪೋರ್ಟು ಹಸಿರು ಹಸಿರಾಗಿ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಉತ್ಸಾಹ ತಲೆಗೇರಿ ಚೀಫ್ ಮುಂದೆ ಒಂದು ನಿಯಮವನ್ನೂ ಬರೆದಿಟ್ಟೆ: ಒಂದು ತಂಡದ ಕೆಲಸ ಸತತ ಮೂರು ಸೋಮವಾರ ಕೆಂಪಾದರೆ ಆ ತಂಡವನ್ನು ತೆಗೆದು ಬೇರೆಯವರಿಗೆ ಬ್ಲಾಕು ಕೊಡುವುದು. ಚೀಫ್ ಮರುಮಾತಿಲ್ಲದೆ ಸಹಿ ಹಾಕಿದರು.

ಎ ಬ್ಲಾಕಿನ ಮೇಸ್ತ್ರಿ ಶ್ರೀಕಾಕುಳಂ ಕಡೆಯವರು. ಐವತ್ತೈದರ ಆಸುಪಾಸು, ಒಣಕಲು ಮೈ, ತಲೆಗೆ ಸುತ್ತಿದ ಕೆಂಪು ಟವೆಲ್ಲು. ಮಾತು ಬಲು ಕಡಿಮೆ. ಅವರ ಊರಿನದೇ ಇಪ್ಪತ್ತು ಮಂದಿ, ಗಂಡ ಹೆಂಡತಿ ಅಣ್ಣ ತಮ್ಮ ಎಂದು ಎಲ್ಲರೂ ಒಬ್ಬರಿಗೊಬ್ಬರು ಸಂಬಂಧಿಗಳು, ಅವರ ಕೈಕೆಳಗೆ ಇದ್ದರು. ಸೈಟಿನ ಹಿಂದಿನ ತಗಡಿನ ಶೆಡ್ಡುಗಳೇ ಅವರ ಮನೆ. ಬಿ ಬ್ಲಾಕಿನ ಮೇಸ್ತ್ರಿ ಇನ್ನೂ ಹರೆಯದವನು, ಚುರುಕು, ಬಾಯಿ ತೆರೆದರೆ ಅಯಿಪೋಯಿಂದಿ. ಅವನ ಬ್ಲಾಕು ಪ್ರತಿ ಸೋಮವಾರ ಹಸಿರಾಗಿ ಬರುತ್ತಿತ್ತು. ಎ ಬ್ಲಾಕಿನ ಮೇಸ್ತ್ರಿ ಮಾತ್ರ ಮೀಟಿಂಗಿನಲ್ಲಿ ಆ ಪದವನ್ನು ಹೇಳಿದ್ದೇ ನನಗೆ ನೆನಪಿಲ್ಲ. ಆಗುತ್ತಿದೆ ಅಮ್ಮಾ, ನಡೀತಿದೆ ಅಮ್ಮಾ, ಅಷ್ಟೇ. ಈ ಮನುಷ್ಯ ಸೋಮಾರಿಯೇ ಇರಬೇಕು ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ.

ಎರಡನೆಯ ಮಹಡಿಯಿಂದ ಎ ಬ್ಲಾಕ್ ಹಿಂದೆ ಬೀಳತೊಡಗಿತು. ಮೂರನೆಯ ಮಹಡಿಯ ಕಂಬಗಳಿಗೆ ಬರುವಷ್ಟರಲ್ಲಿ ಒಂದು ಸೋಮವಾರ ಕೆಂಪು, ಮರು ಸೋಮವಾರ ಕೆಂಪು, ಅದರ ಮರು ಸೋಮವಾರವೂ ಕೆಂಪು. ರಿಪೋರ್ಟು ಹೋದ ಅರ್ಧ ಗಂಟೆಗೆ ವಿಜಯವಾಡದಿಂದ ಫೋನು ಬಂತು. ಮುಂದಿನ ಸೋಮವಾರ ಎ ಬ್ಲಾಕಿನ ತಂಡಕ್ಕೆ ಪತ್ರ ಕೊಡುತ್ತೇವೆ, ಅಷ್ಟರೊಳಗೆ ಶೆಡ್ಡು ಖಾಲಿ ಮಾಡಲು ಹೇಳಿ, ಬಿ ಬ್ಲಾಕಿನವನೇ ಎರಡನ್ನೂ ಮಾಡುತ್ತಾನೆ ಎಂದರು ಚೀಫ್. ನಿಯಮ ನನ್ನದೇ. ಅದರ ಬಗ್ಗೆ ನಾನೇನು ಮಾತಾಡುವುದು?

ಮಂಗಳವಾರ ಬೆಳಿಗ್ಗೆ ಮೇಸ್ತ್ರಿಯನ್ನು ಕರೆದು ವಿಷಯ ಹೇಳಿದೆ. ಕೆಂಪು ಬಣ್ಣದ ಕಂಬಗಳನ್ನು ಟ್ಯಾಬಿನಲ್ಲಿ ತೋರಿಸಿದೆ. ಇಪ್ಪತ್ತು ಜನ ಒಂದೇ ಸಲ ಎಲ್ಲಿಗೆ ಹೋಗಬೇಕೆಂದು ಅವರು ಕೇಳುತ್ತಾರೆ, ನಾನು ಏನಾದರೂ ಗಟ್ಟಿ ಉತ್ತರ ಕೊಡಬೇಕು ಎಂದು ಮನಸ್ಸನ್ನು ಕಲ್ಲು ಮಾಡಿಕೊಂಡಿದ್ದೆ. ಅವರು ಏನೂ ಕೇಳಲಿಲ್ಲ. ಟ್ಯಾಬನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, ಮೇಲೆ ಬನ್ನಿ ಅಮ್ಮಾ ಎಂದರು.

ಶನಿವಾರವಷ್ಟೇ ಇಡೀ ಮಹಡಿ ನಡೆದಿದ್ದೇನೆ, ಮತ್ತೇನು ನೋಡುವುದು ಎಂದು ನಾನು ಗೊಣಗಿದೆ. ಅವರು ತಿರುಗಿ ನೋಡದೆ ಮೆಟ್ಟಿಲು ಹತ್ತಿದರು. ಅವರ ಹಿಂದೆ ಹತ್ತಿದೆ.

ಮೂರನೆಯ ಮಹಡಿಯಲ್ಲಿ ಸಮುದ್ರದ ಗಾಳಿ ಬಿಸಿಯಾಗಿ ಬೀಸುತ್ತಿತ್ತು. ಸಾಲಾಗಿ ಕಂಬಗಳು. ಎಲ್ಲಕ್ಕೂ ಬುಡದಿಂದ ತುದಿಯವರೆಗೆ ಗೋಣಿತಟ್ಟು ಸುತ್ತಿ, ಹಗ್ಗ ಬಿಗಿದು, ನೀರು ಸುರಿದಿದ್ದರು. ಕಾಂಕ್ರೀಟು ಗಟ್ಟಿಯಾಗಬೇಕಾದರೆ ಅದಕ್ಕೆ ದಿನಗಟ್ಟಲೆ ನೀರು ಕುಡಿಸಬೇಕು. ಕಾಂಕ್ರೀಟು ಸುರಿಯಲು ಸುತ್ತ ಕಟ್ಟಿದ ಹಲಗೆ ಬಿಚ್ಚಿದ ಮರುಗಳಿಗೆಯೇ ಗೋಣಿ ಸುತ್ತುವುದು ಹಳೆಯ ಪದ್ಧತಿ. ಓದುವಾಗ ನಾನೂ ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳೇ. ಮೇಸ್ತ್ರಿ ನನ್ನ ಕೈಯನ್ನು ಒಂದು ಕಂಬದ ಮೇಲೆ ಇಡಲು ಹೇಳಿದರು. ಇಟ್ಟೆ. ತಣ್ಣಗಿತ್ತು. ಗೋಣಿಯ ಅಡಿಯಲ್ಲಿ ಕಲ್ಲಿನಂಥ ಕಂಬ.

ಅಲ್ಲೇ ಟ್ಯಾಬು ತೆಗೆದು ಕಂಬದ ನಂಬರು ಹುಡುಕಿದೆ. ಕೆಂಪು. ಪಕ್ಕದ್ದು ನೋಡಿದೆ. ಕೆಂಪು. ಸಾಫ್ಟ್‌ವೇರಿಗೆ ಗೊತ್ತಿದ್ದದ್ದು ಬೋಳು ಕಂಬ ಮಾತ್ರ. ಸೈಟಿನಲ್ಲಿ ಬಿದ್ದಿರುವ ಚೀಲ, ಏಣಿ, ಓಡಾಡುವ ಜನ, ಇದನ್ನೆಲ್ಲ ಅದು ಕಸವೆಂದು ಅಳಿಸಿ ಹಾಕಿ ಆಮೇಲೆ ಹೋಲಿಸುತ್ತದೆ. ಗೋಣಿ ಸುತ್ತಿದ ಕಂಬಗಳನ್ನೂ ಚೀಲದ ರಾಶಿಯೆಂದು ಅಳಿಸಿತ್ತು. ಮೊದಲ ರಿಪೋರ್ಟಿನ ಹೊತ್ತಿಗೆ ಮೊದಲ ಮಹಡಿಯ ಗೋಣಿ ಬಿಚ್ಚಿಯಾಗಿತ್ತು, ಅದಕ್ಕೇ ಆಗ ಹಸಿರು. ಚೆನ್ನಾಗಿ ನೋಡಿಕೊಂಡ ಕಂಬ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಬಿ ಬ್ಲಾಕಿನವನು ಹಲಗೆ ಬಿಚ್ಚಿ ಬೋಳಾಗಿ ಬಿಡುತ್ತಿದ್ದ, ಯಾರಾದರೂ ಬಂದರೆ ಪೈಪು ಹಿಡಿದು ಒಂದಿಷ್ಟು ನೀರು ಚಿಮುಕಿಸುತ್ತಿದ್ದ. ಅವನದು ಹಲಗೆ ಬಿಚ್ಚಿದ ದಿನವೇ ಹಸಿರು. ಗುಣಮಟ್ಟ ನೋಡುವ ಎಂಜಿನಿಯರು ಮೂರು ಸೈಟಿಗೆ ಒಬ್ಬರೇ, ಅವರು ಬಂದು ಹೋದದ್ದು ಯಾವಾಗಲೋ.

ಸಿಟ್ಟು ಬಂತು ನೋಡಿ, ಅಂಥ ಸಿಟ್ಟು ಹಿಂದೆ ಬಂದಿರಲಿಲ್ಲ. ಯಾರ ಮೇಲೆ ತೀರಿಸಿಕೊಳ್ಳುವುದು? ಸಾಫ್ಟ್‌ವೇರಿಗೆ ಬುದ್ಧಿಯಿಲ್ಲ, ಸರಿ. ಮೂರು ಶನಿವಾರ ಇಂಥ ಗೋಣಿ ಸುತ್ತಿದ ಕಂಬಗಳ ನಡುವೆ ನಡೆದವಳು ನಾನು. ಒದ್ದೆ ಗೋಣಿಗೆ ನನ್ನ ಭುಜ ತಾಗಿತ್ತು, ಅಂಗಿ ತೊಯ್ದದ್ದಕ್ಕೆ ಮುಖ ಗಂಟಿಕ್ಕಿಕೊಂಡಿದ್ದೆ ಕೂಡ. ಆದರೂ ಸೋಮವಾರ ಕೆಂಪು ಬಣ್ಣ ಕಂಡಾಗ ಅದನ್ನೇ ನಂಬಿ ಸಹಿ ಹಾಕಿ ಕಳಿಸಿದ್ದೆ. ನಾಚಿಕೆಯಾಯಿತು. ಆ ಮನುಷ್ಯನ ಮುಖ ನೋಡಲಾಗಲಿಲ್ಲ.

ಆದರೆ ದಾರಿ ಸುಲಭವಿದೆ ಎನಿಸಿತು. ಒಂದೇ ಒಂದು ಗಂಟೆ ಗೋಣಿ ಬಿಚ್ಚಿಬಿಡಿ, ನಾನು ನಡೆದು ಫೋಟೋ ತೆಗೆಯುತ್ತೇನೆ, ಎಲ್ಲ ಹಸಿರಾಗುತ್ತದೆ, ಆಮೇಲೆ ಮತ್ತೆ ಸುತ್ತಿ ಎಂದೆ. ಮೇಸ್ತ್ರಿ ತಲೆಯಾಡಿಸಿದರು. ಆಗುವುದಿಲ್ಲ. ನಾನು ಬಿಡಿಸಿ ಹೇಳಿದೆ, ಸೋಮವಾರ ಪತ್ರ ಬರುತ್ತದೆ, ಇಪ್ಪತ್ತು ಜನ ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂದೆ. ಗೊತ್ತು ಎಂದರು. ನನ್ನ ದನಿ ಏರಿತು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿರುವುದು, ಇಷ್ಟೇಕೆ ಹಟ ಎಂದೆ. ಅವರ ದನಿ ಏರಲಿಲ್ಲ.

"ಇದು ಆರನೇ ದಿನ, ಅಮ್ಮಾ. ಈ ಗಾಳಿಗೆ ಒಂದು ಗಂಟೆ ಬಿಟ್ಟರೆ ಸಾಕು, ಮೈ ಬಿರಿಯುತ್ತದೆ. ನಿಮ್ಮ ಫೋಟೋಗೋಸ್ಕರ ನನ್ನ ಕಂಬಗಳನ್ನ ಬಾಯಾರಿಸಲಾ?"

ಆಗಲೇ ಅವರು ಹಗ್ಗದ ತುದಿಯನ್ನು ತೋರಿಸಿದ್ದು. ಪ್ರತಿ ಕಂಬದ ಗೋಣಿಗೆ ಕಟ್ಟಿದ ಹಗ್ಗದ ಒಂದು ತುದಿ ಉದ್ದಕ್ಕೆ ಜೋತಾಡುತ್ತಿತ್ತು. ಅದರಲ್ಲಿ ಗಂಟುಗಳು. ನೀರು ಹಾಕುವ ಹೆಂಗಸು, ಮೇಸ್ತ್ರಿಯ ಅತ್ತಿಗೆ, ದಿನಾ ಸಂಜೆ ಕೊನೆಯ ಸಲ ನೀರು ಸುರಿದ ಮೇಲೆ ಒಂದು ಗಂಟು ಹಾಕುತ್ತಾಳೆ. ಹದಿನಾಲ್ಕನೆಯ ಗಂಟು ಬಿದ್ದ ಮೇಲೆಯೇ ಗೋಣಿ ಬಿಚ್ಚುವುದು. ಇವರ ಅಪ್ಪನ ಕಾಲದಿಂದ ಹೀಗೇ ಅಂತೆ. ಓದು ಬರಹ ಬಾರದವರೂ ಮುಟ್ಟಿ ನೋಡಿ ದಿನ ಹೇಳಬಹುದು. ಆ ಕಂಬಕ್ಕೆ ಹಿಂದಿನ ಸಂಜೆಯವರೆಗಿನ ಐದು ಗಂಟುಗಳಿದ್ದವು. ನಾನು ಒಂದೊಂದನ್ನೂ ಬೆರಳಲ್ಲಿ ಮುಟ್ಟಿದೆ.

ಕೆಳಗಿಳಿದು ಚೀಫ್‌ಗೆ ಫೋನು ಹಚ್ಚಿದೆ. ಹೀಗೆ ಹೀಗೆ ಎಂದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: ನಿಮ್ಮ ಮಷೀನು ಸುಳ್ಳಾದರೆ ಅದನ್ನು ತೆಗೆದುಹಾಕುತ್ತೇನೆ, ನಿಜವಾದರೆ ಮೇಸ್ತ್ರಿಯನ್ನು ತೆಗೆದುಹಾಕುತ್ತೇನೆ, ಯಾವುದು ಎಂದು ಶನಿವಾರ ಬಂದು ಎದುರಿಗೆ ಹೇಳಿ. ಫೋನಿಟ್ಟರು. ಮಷೀನು ಹೋದರೆ ಮತ್ತೆ ಆ ಹಳೆಯ ಅಯಿಪೋಯಿಂದಿ ಕಾಲ. ಅದು ಇದ್ದರೆ ಈ ಇಪ್ಪತ್ತು ಜನ ಬೀದಿಗೆ. ಎರಡೂ ಬೇಡವಾಗಿತ್ತು ನನಗೆ. ಆದರೆ ಒಂದನ್ನೇ ಉಳಿಸಬಹುದೆಂದರೆ ಆ ಜನರನ್ನು ಎಂದು ಬಸ್ಸಿನಲ್ಲೇ ನಿರ್ಧಾರ ಮಾಡಿಬಿಟ್ಟೆ. ದುವ್ವಾಡ ದಾಟುವಾಗ ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದವರು ಧೂಳು ಎಂದುಕೊಂಡಿರಬೇಕು.

ಮನೆಯಲ್ಲಿ ನನ್ನ ಗಂಡ ಆಗಷ್ಟೇ ಫಸ್ಟ್ ಶಿಫ್ಟ್ ಮುಗಿಸಿ ಬಂದು ಚಹಾ ಸೋಸುತ್ತಿದ್ದರು. ನನ್ನ ಮುಖ ನೋಡಿದ್ದೇ ಇನ್ನೊಂದು ಲೋಟ ಇಟ್ಟರು. ನಾನು ಸಾಫ್ಟ್‌ವೇರಿನ ಏಳು ಜನ್ಮ ಜಾಲಾಡಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, ತಣ್ಣಗೆ ಅಂದರು:

"ಅಲ್ಲಾ, ಆ ಮಷೀನಿಗೆ ಗೋಣಿ ಅಂದ್ರ ಏನಂತ ಯಾರರ ಹೇಳ್ಯಾರೇನು? ನಮ್ಮ ಪ್ಲಾಂಟಿಗೆ ಹೊಸಬ್ರು ಬಂದ್ರ ಮೊದಲನೇ ದಿನಾನ ಬೈಯ್ಯೂದಿಲ್ಲ ನಾವು. ಕೈ ಹಿಡದು ತೋರಸ್ತೀವಿ. ನೀ ತೋರಿಸಿಯೇನು?"

ನಾನು ತೋರಿಸಿರಲಿಲ್ಲ. ಗಂಡ ಹೇಳಿದ್ದು ಸರಿಯಿದ್ದಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಚಹಾ ಕುಡಿಯದೆ ಎದ್ದು ಹೋಗಿ ಸಾಫ್ಟ್‌ವೇರಿನವರ ನಂಬರು ಹುಡುಕಿದೆ. ಆ ಕಡೆಯಿದ್ದ ಹುಡುಗಿ ನನ್ನ ಸಿಟ್ಟಿಗೆ ಬೆದರದೆ ದಾರಿ ಹೇಳಿದಳು. ಹೊಸ ಹಂತವೊಂದನ್ನು ಸೇರಿಸಬಹುದು. ಆದರೆ ಗೋಣಿ ಸುತ್ತಿದ ಕಂಬ ಹೇಗಿರುತ್ತದೆ ಎಂದು ಅದಕ್ಕೆ ಕಲಿಸಬೇಕು. ಹಳೆಯ ಚಿತ್ರಗಳಲ್ಲಿ ಒಂದೊಂದೇ ಕಂಬದ ಸುತ್ತ ಗೆರೆ ಎಳೆದು, ಇದು ಚೀಲದ ರಾಶಿಯಲ್ಲ, ಇದು ಕಂಬ ಎಂದು ಹೇಳುತ್ತ ಹೋಗಬೇಕು. ಎಷ್ಟು ಚಿತ್ರ ಎಂದು ಕೇಳಿದೆ. ನೂರಾರು ಎಂದಳು.

ಬುಧವಾರ, ಗುರುವಾರ ಸೈಟಿನ ಆಫೀಸಿನ ಕಂಟೇನರಿನಲ್ಲಿ ಕೂತು ಗೆರೆ ಎಳೆದೆ. ಎದ್ದದ್ದು ಊಟಕ್ಕೆ ಮಾತ್ರ. ಎರಡನೆಯ ಮಹಡಿಯ ಹಳೆಯ ಚಿತ್ರಗಳನ್ನೂ ತೆಗೆದೆ. ಅಲ್ಲೂ ಒಂದು ಶನಿವಾರ ಹಲಗೆ, ಮರು ಶನಿವಾರ ಗೋಣಿ, ಇನ್ನೆರಡು ವಾರ ಬಿಟ್ಟು ಬೋಳು ಕಂಬ. ಎಲ್ಲವೂ ನನ್ನ ತಲೆಯ ಮೇಲಿನ ಕ್ಯಾಮರಾದಲ್ಲೇ ಇತ್ತು. ಹಲಗೆ ಬಿಚ್ಚದೆ ಗೋಣಿ ಸುತ್ತಲಾಗದು, ಕಂಬವಿಲ್ಲದೆ ಹಲಗೆ ಬಿಚ್ಚಲಾಗದು. ಅಂದರೆ ಗೋಣಿ ಕಂಡಲ್ಲಿ ಕಂಬ ಮುಗಿದಿದೆ, ಮತ್ತು ಯಾರೋ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಇಷ್ಟು ಸರಳ ವಿಷಯಕ್ಕೆ ನಾನು ಇಪ್ಪತ್ತು ಜನರ ಅನ್ನಕ್ಕೆ ಕೈ ಹಾಕಿದ್ದೆ. ಹೊಸ ಹಂತಕ್ಕೆ ನೀಲಿ ಬಣ್ಣ ಕೊಟ್ಟೆ, ನೀರಿನ ಬಣ್ಣ.

ಶುಕ್ರವಾರ ಮತ್ತೆ ಕ್ಯಾಮರಾ ಹೊತ್ತು ಎರಡೂ ಬ್ಲಾಕು ನಡೆದೆ. ಆಮೇಲೆ ನೀರು ಹಾಕುವ ಆ ಹೆಂಗಸಿನ ಜೊತೆ ಮೂರನೆಯ ಮಹಡಿಯ ಒಂದೊಂದೇ ಕಂಬದ ಹತ್ತಿರ ಹೋದೆ. ಅವಳು ಕಣ್ಣು ಹಾಯಿಸದೆ ಬೆರಳಲ್ಲೇ ಗಂಟು ಮುಟ್ಟಿ ಎಣಿಸುತ್ತಿದ್ದಳು, ನಾನು ಮಾಡೆಲ್ಲಿನಲ್ಲಿ ಆ ಕಂಬದ ಹೆಸರಿನ ಮುಂದೆ ಸಂಖ್ಯೆ ತುಂಬುತ್ತಿದ್ದೆ. ಒಂಬತ್ತು, ಎಂಟು, ಹನ್ನೊಂದು. ಗಂಟು ಹೆಚ್ಚಿದಷ್ಟೂ ನೀಲಿ ಗಾಢವಾಗುವ ಹಾಗೆ ಮಾಡಿದೆ. ತನ್ನ ಗಂಟು ಕಂಪ್ಯೂಟರಿನೊಳಗೆ ಹೋಯಿತು ಎಂದು ಅವಳಿಗೆ ಒಂದೇ ನಗು. ನಿಮ್ಮ ಮಷೀನಿಗೂ ಎಣಿಸಲು ಬರಲಿಲ್ಲವಾ ಎಂದು ಕೇಳಿದಳು. ಬರಲಿಲ್ಲ, ನನಗೂ ಬರಲಿಲ್ಲ ಎಂದೆ.

ಬಿ ಬ್ಲಾಕಿಗೂ ಹೋದೆ. ಅಲ್ಲಿ ಗೋಣಿಯಿಲ್ಲ, ಹಗ್ಗವಿಲ್ಲ. ಎಲ್ಲ ಕಂಬದ ಮುಂದೆಯೂ ಸೊನ್ನೆ ಹಾಕಿದೆ. ಸುಳ್ಳು ಹೇಳಲಾಗುತ್ತದೆಯೇ?

ಶನಿವಾರ ಬೆಳಿಗ್ಗೆ ದುವ್ವಾಡದಲ್ಲಿ ವಿಜಯವಾಡದ ರೈಲು ಹತ್ತಿದೆ. ತೊಡೆಯ ಮೇಲೆ ಲ್ಯಾಪ್‌ಟಾಪು. ಸಾಫ್ಟ್‌ವೇರು ಹೊಸದಾಗಿ ಕಲಿತದ್ದನ್ನು ಹಚ್ಚಿ ಎಲ್ಲ ಚಿತ್ರಗಳನ್ನೂ ಮತ್ತೊಮ್ಮೆ ಹೋಲಿಸಬೇಕಿತ್ತು. ಅದಿನ್ನೂ ತಿಣುಕುತ್ತಲೇ ಇತ್ತು. ಅನಕಾಪಲ್ಲಿ ಹೋಯಿತು, ತುನಿ ಹೋಯಿತು. ಕಿಟಕಿಯ ಆಚೆ ತೋಟ, ಗದ್ದೆ, ಏನೇನೋ ಇತ್ತು, ನಾನೇನೂ ನೋಡಲಿಲ್ಲ. ಅದು ಮತ್ತೆ ಕೆಂಪೇ ತೋರಿಸಿದರೆ ಚೀಫ್ ಮುಂದೆ ಏನು ಮುಖ ಹೊತ್ತು ನಿಲ್ಲಲಿ ಎಂಬುದೊಂದೇ ಯೋಚನೆ. ಎದುರು ಸೀಟಿನ ಅಜ್ಜಿ, ಹೊಟ್ಟೆನೋವೇನಮ್ಮಾ ಎಂದು ವಿಚಾರಿಸಿದರು.

ರೈಲು ಗೋದಾವರಿಯ ಸೇತುವೆ ಹತ್ತಿದಾಗ ಸಿಗ್ನಲ್ಲು ಹೋಯಿತು. ಆಚೆ ದಡ ಮುಟ್ಟಿ ಬಂತು. ಪರದೆಯ ಮೇಲೆ ಎ ಬ್ಲಾಕಿನ ಮೂರನೆಯ ಮಹಡಿ ತೆರೆದುಕೊಂಡಿತು. ಮೊದಲ ಕಂಬ ನೀಲಿ. ಎರಡನೆಯದು ನೀಲಿ. ಆಮೇಲೆ ಸಾಲು ಸಾಲಾಗಿ, ಒಂದರ ಹಿಂದೊಂದು, ತಿಳಿನೀಲಿ, ಕಡುನೀಲಿ, ಒಂದೂ ಬಿಡದೆ. ಕೆಂಪು ಎಲ್ಲಿಯೂ ಇಲ್ಲ. ನಾನು ಕೂತಲ್ಲೇ ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ ಅದೇನು ಕೂಗಿದೆನೋ, ಇಡೀ ಬೋಗಿ ತಿರುಗಿ ನೋಡಿತು. ಅಜ್ಜಿಗೆ ಲ್ಯಾಪ್‌ಟಾಪು ತಿರುಗಿಸಿ ತೋರಿಸಿದೆ. ಪಾಪ, ಅವರು ಚೆನ್ನಾಗಿದೆಯಮ್ಮಾ ಎಂದು ಡಬ್ಬಿ ಬಿಚ್ಚಿ ಒಂದು ಅರಿಸೆ ಕೊಟ್ಟರು. ನಮ್ಮ ಅತ್ತಿರಸದ ಹಾಗಿನ ಬೆಲ್ಲದ ತಿಂಡಿ. ಅಷ್ಟು ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ.

ವಿಜಯವಾಡದ ಬಿಸಿಲು ನಡುನೆತ್ತಿಗೆ ಬಂದಿತ್ತು. ಕಾಲುವೆ ಪಕ್ಕದ ನಮ್ಮ ಆಫೀಸಿಗೆ ಆಟೊದಲ್ಲಿ ಹೋಗಿ ಸೇರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಚೀಫ್ ಮೇಜಿನ ಮೇಲೆ ಪತ್ರ ಸಿದ್ಧವಾಗಿತ್ತು, ಸಹಿಯೊಂದು ಬಾಕಿ. ಮಷೀನಾ, ಮೇಸ್ತ್ರಿಯಾ ಎಂದು ಕೇಳಿದರು. ಎರಡೂ ಸರಿ ಸರ್, ತಪ್ಪಿದ್ದು ನಾನು ಎಂದೆ. ಅವರು ಕನ್ನಡಕ ಹಾಕಿಕೊಂಡರು.

ಎಲ್ಲವನ್ನೂ ಹೇಳಿದೆ. ಮೂರು ಶನಿವಾರ ಗೋಣಿ ತಾಗಿ ಅಂಗಿ ತೊಯ್ದರೂ ಕೆಂಪಿಗೆ ಸಹಿ ಹಾಕಿದ್ದನ್ನು ಹೇಳಿದೆ. ಗೋಣಿ ಬಿಚ್ಚಲು ಮೇಸ್ತ್ರಿ ಒಪ್ಪದ್ದನ್ನು, ಹಗ್ಗದ ಗಂಟುಗಳನ್ನು, ಹೊಸ ನೀಲಿಯನ್ನು ಹೇಳಿದೆ. ಅವರು ಒಂದು ಕಡುನೀಲಿ ಕಂಬ ಒತ್ತಿದರು. ಹನ್ನೊಂದು ಎಂದು ಬಂತು. ಪಕ್ಕದ್ದು ಒತ್ತಿದರು, ಒಂಬತ್ತು. ಶುಕ್ರವಾರದ ಚಿತ್ರವನ್ನು ದೊಡ್ಡದು ಮಾಡಿ ಒದ್ದೆ ಗೋಣಿಯನ್ನು, ಜೋತುಬಿದ್ದ ಹಗ್ಗವನ್ನು ಬಹಳ ಹೊತ್ತು ನೋಡಿದರು. ಅವರೂ ಒಂದು ಕಾಲದಲ್ಲಿ ಬಿಸಿಲಲ್ಲಿ ನಿಂತು ಕಟ್ಟಡ ಕಟ್ಟಿಸಿದವರೇ. ಆಮೇಲೆ ಬಿ ಬ್ಲಾಕಿಗೆ ಹೋದರು. ಕಣ್ಣು ಕೋರೈಸುವ ಹಸಿರು. ಒಂದು ಕಂಬ ಒತ್ತಿದರು, ಇನ್ನೊಂದು ಒತ್ತಿದರು, ಮತ್ತೊಂದು.

"ಇಲ್ಲಿ ನೀಲಿ ಯಾಕಿಲ್ಲ, ಮೇಡಂ?"

"ಅವರು ನೀರು ಕುಡಿಸಿಲ್ಲ, ಸರ್. ಒಂದಕ್ಕೂ."

ಇಷ್ಟು ದಿನ ಹಸಿರೆಂದು ಹೊಗಳಿದ್ದ ಬ್ಲಾಕು ಅದು. ಅದಕ್ಕೇ ಇನ್ನೊಂದು ಬ್ಲಾಕನ್ನೂ ಒಪ್ಪಿಸಲು ಹೊರಟಿದ್ದರು. ಚೀಫ್ ಅಲ್ಲೇ ಸೈಟಿಗೆ ಫೋನು ಮಾಡಿದರು. ಬಿ ಬ್ಲಾಕಿನಲ್ಲಿ ಇನ್ನೊಂದು ಬುಟ್ಟಿ ಕಾಂಕ್ರೀಟು ಸುರಿಯಕೂಡದು, ಮೊದಲು ಎಲ್ಲ ಕಂಬಕ್ಕೂ ಗೋಣಿ ಸುತ್ತಿ, ಗಟ್ಟಿತನದ ಪರೀಕ್ಷೆ ಮಾಡಿಸಿ, ಸೋಮವಾರ ನಾನೇ ಬರುತ್ತೇನೆ ಎಂದರು. ಎರಡೂ ಬ್ಲಾಕಿನ ನೀರಿನ ಉಸ್ತುವಾರಿ ಇನ್ನು ಮೇಲೆ ಎ ಬ್ಲಾಕಿನ ಮೇಸ್ತ್ರಿಯದು ಎಂದೂ ಹೇಳಿದರು. ಫೋನಿಟ್ಟು, ಸಿದ್ಧವಾಗಿದ್ದ ಪತ್ರವನ್ನು ನನ್ನ ಕಡೆ ತಳ್ಳಿದರು. ನೀವೇ ಹರಿಯಿರಿ ಎಂದರು. ಹರಿದೆ. ನಾಲ್ಕು ಚೂರು, ಎಂಟು ಚೂರು, ಆಮೇಲೂ ಕೈ ನಿಲ್ಲಲಿಲ್ಲ.

ನಿಯಮ ತಿದ್ದದೆ ನಾನು ಅಲ್ಲಿಂದ ಏಳಲಿಲ್ಲ. ಮೂರು ಸೋಮವಾರದ ಸಾಲನ್ನು ಅಳಿಸಿ, ಕೆಂಪು ಕಂಡರೆ ರಿಪೋರ್ಟು ಬರೆಯುವವರು ಮೊದಲು ಹೋಗಿ ಆ ಕಂಬವನ್ನು ಕೈಯಲ್ಲಿ ಮುಟ್ಟಿ ಬರಬೇಕು ಎಂದು ಬರೆದೆ. ಚೀಫ್ ಅದಕ್ಕೂ ಮರುಮಾತಿಲ್ಲದೆ ಸಹಿ ಹಾಕಿದರು. ಆಫೀಸಿನ ಎಲ್ಲರಿಗೂ ಕೇಳುವ ಹಾಗೆ, ಮೇಡಂ ಮಷೀನಿಗೆ ಪಾಠ ಮಾಡಿ ಬಂದಿದ್ದಾರೆ, ಒಳ್ಳೆಯ ಊಟ ಹಾಕಿಸಿ ಎಂದರು. ಗೊಂಗೂರ ಪಚ್ಚಡಿಯ, ಅಂದರೆ ನಮ್ಮ ಪುಂಡಿಸೊಪ್ಪಿನ ಚಟ್ನಿಯ ಜೊತೆ ಅನ್ನ ಹೊಟ್ಟೆ ತುಂಬ ತಿಂದೆ. ಬರುವಾಗ ರೈಲಿನಲ್ಲಿ ಕಿಟಕಿಯಾಚೆ ಇದ್ದದ್ದನ್ನೆಲ್ಲ ನೋಡಿದೆ.

ಬಿ ಬ್ಲಾಕಿನ ಕಂಬಗಳ ಪೈಕಿ ಕೆಲವು ಪರೀಕ್ಷೆಯಲ್ಲಿ ಸೋತವು. ಅವುಗಳ ಸುತ್ತ ಮತ್ತೆ ಕಬ್ಬಿಣ ಕಟ್ಟಿ ದಪ್ಪ ಮಾಡಿ ಸರಿಪಡಿಸಿದರು. ಆ ಹರೆಯದ ಮೇಸ್ತ್ರಿ ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೊಂದು ಸಂಜೆ ಅವನೇ ಎ ಬ್ಲಾಕಿಗೆ ಹೋಗಿ ಗಂಟಿನ ಲೆಕ್ಕ ಕೇಳಿಕೊಂಡು ಬಂದ. ಅವನ ಕಟ್ಟಡವೂ ನೀಲಿಯಾಯಿತು. ಸೋಮವಾರದ ರಿಪೋರ್ಟಿನಲ್ಲಿ ಎರಡು ನೀಲಿ ಕಟ್ಟಡಗಳನ್ನು ನೋಡುವಾಗ ನನಗಾಗುತ್ತಿದ್ದ ಹಿಗ್ಗನ್ನು ಯಾಕೆ ಮುಚ್ಚಿಡಲಿ? ನನ್ನ ಗಂಡ ಮಾತ್ರ ಈಗಲೂ ಮಷೀನಿಗೆ ಕಲಿಸಿದ್ದು ತಾನೇ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಆದರೆ ನಾನು ಹೇಳಬೇಕೆಂದು ಹೊರಟದ್ದು ವಿಜಯವಾಡಕ್ಕೆ ಹೋಗಿ ಬಂದ ಮುಂದಿನ ಶನಿವಾರದ ಮಾತು. ಬೆಳಿಗ್ಗೆ ಕ್ಯಾಮರಾ ಹೊತ್ತು ಮೂರನೆಯ ಮಹಡಿಗೆ ಹೋದಾಗ ಇಡೀ ತಂಡ ಅಲ್ಲೇ ನಿಂತಿತ್ತು. ಆ ಮಂಗಳವಾರ ನಾನು ಕೈಯಿಟ್ಟಿದ್ದ ಕಂಬಕ್ಕೆ ಬುಧವಾರ ಸಾಯಂಕಾಲವೇ ಕೊನೆಯ ಗಂಟು ಬಿದ್ದಿತ್ತು. ಆ ಸಾಲಿನ ಉಳಿದ ಗೋಣಿಗಳನ್ನು ಆಗಲೇ ಬಿಚ್ಚಿ, ಇದೊಂದನ್ನು ನನಗಾಗಿ ಬಿಟ್ಟಿದ್ದರು. ಮೇಸ್ತ್ರಿ ನನ್ನ ಕೈಗೆ ಹಗ್ಗದ ತುದಿ ಕೊಟ್ಟರು. ನಾನು ಕಣ್ಣು ಮುಚ್ಚಿ ಬೆರಳಲ್ಲೇ ಎಣಿಸಿದೆ. ಐದರವರೆಗೆ ಗುರುತಿತ್ತು. ಆಮೇಲಿನವು ಹೊಸವು. ಹನ್ನೆರಡು, ಹದಿಮೂರು, ಹದಿನಾಲ್ಕು. ಹಗ್ಗ ಬಿಚ್ಚಿದೆ. ಒದ್ದೆ ಗೋಣಿ ಭಾರಕ್ಕೆ ತಾನೇ ಜಾರಿ ಬಿತ್ತು. ಒಳಗೆ ಕಂಬ ಕಪ್ಪಗೆ, ತಣ್ಣಗೆ, ಒಂದೇ ಒಂದು ಬಿರುಕಿಲ್ಲದೆ ನಿಂತಿತ್ತು.

ಮೇಸ್ತ್ರಿ ಅಂಗೈ ಅಗಲಿಸಿ ಅದನ್ನೊಮ್ಮೆ ಮೇಲಿನಿಂದ ಕೆಳಕ್ಕೆ ಸವರಿದರು. ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ನನ್ನ ತಲೆಯ ಮೇಲಿನ ಕ್ಯಾಮರಾವನ್ನೇ ನೇರವಾಗಿ ನೋಡಿ, ಅಷ್ಟು ತಿಂಗಳಲ್ಲಿ ನಾನು ಅವರ ಬಾಯಿಂದ ಒಮ್ಮೆಯೂ ಕೇಳದಿದ್ದ ಮಾತನ್ನು ಹೇಳಿದರು:

"ಇಪ್ಪುಡು ಅಯಿಪೋಯಿಂದಿ, ಅಮ್ಮಾ." ಈಗ ಮುಗಿಯಿತು.